ತವರುಮಣ್ಣಿನ ಹೆಪ್ಪು

ಹಾಲಿಗೆ ಹೆಪ್ಪು ಬೇಕಾದರೆ ಮಣ್ಣಿಗೂ ಬೇಕು ಎನ್ನುವುದು ಪಾಪಕ್ಕನ ವಾದ. ಮಡಕಶಿರಾ ಸೀಮೆಗೆ ಕಡಲೆಕಾಯಿ ಇನ್ನೂ ಹೊಸದಾಗಿದ್ದ ಬ್ರಿಟಿಷರ ಕಾಲ. ಗಂಡ ಮೂಡಲಗಿರಿಯಪ್ಪ ಮೇಲಿನ ಹೊಲಕ್ಕೆ ಮೊದಲ ಸಲ ಕಡಲೆಬೀಜ ಹಾಕುವ ಮುನ್ನ ಅವಳು ರತ್ನಗಿರಿಯ ತವರಿಗೆ ಹೋದಳು. ಅಲ್ಲಿ ಅವ್ವ ಚಿತ್ತಮ್ಮ ಆಗಲೇ ಕಡಲೆಕಾಯಿ ಬೆಳೆದಿದ್ದ ಹೊಲದಿಂದ ಬಿದಿರಿನ ಮಂಕರಿ ತುಂಬ ಮಣ್ಣು ಹೊತ್ತು ತಂದು ಸಾಲುಸಾಲಿಗೆ ಉದುರಿಸಿದಳು. ಊರು ನಕ್ಕಿತು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ.

ಬಿತ್ತಿ ನಲವತ್ತು ದಿನಕ್ಕೆ ಅವನು ಒಂದು ಗಿಡ ಕಿತ್ತು ನೋಡಿದ, ನಗು ಹಾರಿಹೋಯಿತು. ಬೇರಿನ ತುಂಬ ರಾಗಿಕಾಳಿನಂಥ ಗಂಟು. ಹಿಂದಿನ ವರ್ಷ ಬೇರಿಗೆ ರೋಗ ಹತ್ತಿ ಬದನೆಯೆಲ್ಲ ಸೊರಗಿ ಸತ್ತದ್ದು ಅವನ ಕಣ್ಣಲ್ಲೇ ಇತ್ತು.

"ನಿಮ್ಮವ್ವನ ಮನೆಯಿಂದ ರೋಗ ಹೊತ್ಕಂಡು ಬಂದಿದೀಯ. ನಾಳೆ ಎತ್ತು ಕಟ್ಟಿ ಎಲ್ಲಾ ಉತ್ತಾಕ್ತೀನಿ."

ಪಾಪಕ್ಕ ರಾತ್ರಿಯೆಲ್ಲ ಅದನ್ನೇ ಯೋಚಿಸಿದಳು. ಬೆಳೆ ಹೋದರೆ ಮುಂದಿನ ವರ್ಷ ಬಂದೀತು, ತವರಿಗೆ ಬಂದ ಮಾತು ಸಾಯುವವರೆಗೂ ಹೋಗದು.

ಮರುದಿನ ಅವನು ಎತ್ತು ಹೂಡಿಕೊಂಡು ಬರುವಷ್ಟರಲ್ಲಿ ಅವಳು ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಗಂಟನ್ನು ಉಗುರಿನಿಂದ ಸೀಳಿ ಅವನ ಮೂಗಿನ ಹತ್ತಿರ ಹಿಡಿದಳು. ಒಳಗೆ ಎಲೆಅಡಿಕೆ ಜಗಿದಂಥ ಕೆಂಪು.

"ಮೂಸು. ಬದನೆ ಬೇರು ಕಪ್ಪಗೆ ಕೊಳೆತು ನಾರ್ತಿತ್ತು. ಇದು ನಾರ್ತೈತಾ? ಅತ್ಲಾಗೆ ನೋಡು, ಕೊನೇ ಆರು ಸಾಲು. ಅಲ್ಲಿಗೆ ಬರೋ ಹೊತ್ಗೆ ನನ್ನ ಮಂಕರಿ ಬರಿದಾಗಿತ್ತು."

ಆ ಆರು ಸಾಲೂ ಹಳದಿ. ಕಿತ್ತು ನೋಡಿದರೆ ಬೇರು ಬೋಳು. ಗಂಟಿದ್ದ ಕಡೆಯೆಲ್ಲ ಕಡುಹಸಿರು.

"ಬೇರಿಗೂ ಬುದ್ಧಿ ಐತೆ ಕಣಪ್ಪ. ನೆಂಟ್ರು ಬಂದ್ರೆ ಮನೆ ಕಟ್ಟಿಕೊಡ್ತೈತೆ, ಕಳ್ಳ ಬಂದ್ರೆ ಕದ ಹಾಕ್ತೈತೆ. ಬದನೆ ಕದ ಹಾಕೋದ್ರೊಳಗೆ ಕಳ್ಳ ನುಗ್ಗಿದ್ದ, ಅಷ್ಟೇಯ."

ಬೇರು ತನ್ನ ರಸ ಜಿನುಗಿಸಿ ಗಾಳಿಯಿಂದ ಸಾರ ಹಿಡಿದುಕೊಡುವ ಸೂಕ್ಷ್ಮಜೀವಿಗಳನ್ನು ಮಣ್ಣಿನಿಂದ ಕರೆದು ಗಂಟಿನಲ್ಲಿ ಇರಿಸಿಕೊಳ್ಳುತ್ತದೆ, ಕೆಡಿಸುವವು ಬಂದರೆ ಬೇರೆಯೇ ರಸ ಕಾರಿ ತಡೆಯುತ್ತದೆ ಎಂದು ಓದಿದವರು ಈಗ ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಪಾಪಕ್ಕ ಅದನ್ನು ಉಗುರಿನಲ್ಲೇ ಓದಿದ್ದಳು.

ಮೂಡಲಗಿರಿಯಪ್ಪ ಎತ್ತಿನ ಹೆಗಲಿಂದ ನೊಗ ಇಳಿಸಿದ.

ಆ ವರ್ಷ ಕಾಯಿ ಚೆನ್ನಾಗಿ ಬಂತು. ಮರುವರ್ಷ ಕೆಳಗಿನ ಹೊಲಕ್ಕೂ ಕಡಲೆಬೀಜ ಹಾಕುವ ಮುನ್ನ, ಒಂದು ಸಂಜೆ ಅವನು ಅತ್ತೆ ಚಿತ್ತಮ್ಮನ ಬಾಗಿಲಲ್ಲಿ ನಿಂತಿದ್ದ. ಮದುವೆಯಾದಾಗಿನಿಂದ ಪೇಟವೊಂದನ್ನು ಬಿಟ್ಟು ತಲೆಯ ಮೇಲೆ ಏನನ್ನೂ ಹೊರದ ಅಳಿಯ ಅವನು. ಕಂಕುಳಲ್ಲಿ ಖಾಲಿ ಮಂಕರಿ.

"ಹೆಪ್ಪಿಗೆ ಬಂದೆ ಅತ್ತೆ."

ಚಿತ್ತಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರ್ದು. ಉಂಡು ಮನಿಕ್ಕೊ, ಬೆಳಿಗ್ಗೆ ತಗಂಡೋಗು."

ಬೆಳಿಗ್ಗೆ ರತ್ನಗಿರಿಯಿಂದ ತನ್ನೂರಿನವರೆಗೆ, ದಾರಿಯ ಜನವೆಲ್ಲ ನೋಡುತ್ತಿದ್ದಂತೆ, ಅವನು ಹೆಂಡತಿಯ ತವರುಮಣ್ಣನ್ನು ಪೇಟದ ಮೇಲೆ ಹೊತ್ತು ನಡೆದ.