ನಡುನೀರಲ್ಲಿ ನಿಂತ ಹಾಡು

ಸಂಜೆ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ತೆಪ್ಪ ದಾರಿ ತಪ್ಪಿತು. ವಿಡಿಯೊ ಮಾಡುತ್ತಿದ್ದ ನನ್ನ ಮೊಬೈಲಿನಲ್ಲಿ ಆ ಹೊತ್ತು ಉಳಿದುಬಿಟ್ಟಿದೆ.

ಹರಿಹರದ ಹೊಳೆಯಲ್ಲಿ ನಾವು ಮೂವರಿದ್ದೆವು: ನನಗೆ ಸಂಗೀತ ಕಲಿಸುವ ಗಾಯಕಿ, ನಾನು, ತೆಪ್ಪ ನಡೆಸುವ ಅಜ್ಜ. ನಲ್ಲನನ್ನು ಬೇಗ ದಾಟಿಸಿ ತಾ ಎಂದು ಆಚೆ ದಡದ ಹೆಣ್ಣು ಅಂಬಿಗನನ್ನು ಬೇಡುವ ಹಾಡು ಅಜ್ಜನ ತಾಯಿಯದು. ಗಾಯಕಿ ಅದನ್ನು ಅವನಿಂದಲೇ ಕಲಿತು, ರಾಗಕ್ಕೆ ಕೂರಿಸಿ, ಕಚೇರಿಗಳಲ್ಲಿ ಹಾಡಿ ಹೆಸರುವಾಸಿ ಮಾಡಿದ್ದರು. ಅದನ್ನು ಹೊಳೆಯ ಮೇಲೇ ಹಾಡಿ, ವಿಡಿಯೊ ಮಾಡೋಣ ಎಂದವಳು ನಾನು. ಹಾಡಿಗೆ ತಕ್ಕಂತೆ ಹುಟ್ಟು ಹಾಕಲು ಅಜ್ಜನಿಗೆ ಹೇಳಿದವಳೂ ನಾನೇ.

"ಬ್ಯಾರೆ ಹೆಂಗವ್ವ ಹಾಕ್ಲಿ? ನನ್ನ ಕೈಗೆ ಗೊತ್ತಿರೋದೇ ಅದೊಂದು," ಎಂದು ನಕ್ಕಿದ್ದ.

ಅವನ ತಾಯಿ ಅದನ್ನು ಅವಸರದಲ್ಲಿ ಹಾಡುತ್ತಿದ್ದಳಂತೆ. ಒಂದು ಸಾಲಿಗೆ ನಾಲ್ಕು ಸಲ ಹುಟ್ಟು ನೀರಿಗೆ ಬೀಳಬೇಕು. ಗಾಯಕಿ ವಿಳಂಬದಲ್ಲಿ ಹಾಡಿದರು. ಅವರು ಒಂದು ಅಕ್ಷರವನ್ನು ಹಿಡಿದು ಎಳೆದಾಗ ಹುಟ್ಟು ಗಾಳಿಯಲ್ಲೇ ಕಾಯಿತು. ನೀರಿನ ಸೆಳೆತ ಕಾಯಲಿಲ್ಲ. ತೆಪ್ಪ ಗಿರ್ರನೆ ತಿರುಗಿ ಸೇತುವೆಯ ಕಂಬದತ್ತ ಹೊರಟಿತು. ಅಜ್ಜನಿಗೆ ಅದು ಕಂಡಿತ್ತು. ಆದರೆ ನಡುನೀರಲ್ಲಿ ಹಾಡು ಮುರಿಯಬಾರದೆಂಬುದು ಅವನ ಮನೆಯ ಕಟ್ಟಳೆ. ಕಣ್ಣು ಮುಚ್ಚಿ ಹಾಡುತ್ತಿದ್ದವರನ್ನು ಅವನು ಕೂಗಲಿಲ್ಲ, ಹಾಡಿನ ತಾಳ ಬಿಟ್ಟು ಹುಟ್ಟನ್ನೂ ಹಾಕಲಿಲ್ಲ. ನಾನು ಮೊಬೈಲನ್ನು ನೋಡುತ್ತಿದ್ದೆ. ಅದರೊಳಗೆ ಎಲ್ಲವೂ ಚೆಂದವಾಗಿತ್ತು.

ಕಂಬ ಬಂದೇಬಿಟ್ಟಾಗ ಅಜ್ಜ ಬಲಗೈ ಅಡ್ಡ ಕೊಟ್ಟ. ಮೂಳೆ ಮುರಿದ ಸದ್ದಿಗೆ ಹಾಡು ನಿಂತಿತು. ಮೀನು ಹಿಡಿಯುವವರು ನಮ್ಮನ್ನು ದಡಕ್ಕೆ ಎಳೆದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ. ಇನ್ನು ಹುಟ್ಟು ಹಿಡಿಯಲಾಗದು ಎಂದರು ಡಾಕ್ಟರು. ಕಂಬ ಕಾಣುವ ಮೊದಲೇ ನಾನು ಕತ್ತರಿಸಿದ್ದ ವಿಡಿಯೊ ಊರೆಲ್ಲ ಹರಿದಾಡಿತು. ದಾವಣಗೆರೆಯ ಪಿ.ಜೆ. ಬಡಾವಣೆಯ ಆಟೋಗಳಲ್ಲೂ ಅದೇ ಹಾಡು. ಆ ಎಳೆದ ಅಕ್ಷರ ಕೇಳಿದರೆ ಸಾಕು, ನನ್ನ ಕೈ ಪಕ್ಕದಲ್ಲಿದ್ದುದನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ನಿದ್ದೆ ಹತ್ತಿದೊಡನೆ ಕಂಬ ಬರುತ್ತಿತ್ತು.

ಐದು ತಿಂಗಳಾದ ಮೇಲೆ, ಒಂದು ಸೋಮವಾರ ಅಜ್ಜನ ಮನೆಗೆ ಹೋದೆ. ತಪ್ಪಾಯಿತು ಎನ್ನಲೆಂದೇ ಹೋದದ್ದು. ಅವನೇ ಮೊದಲು ನನ್ನ ಕಣ್ಣು ನೋಡಿ ಹೇಳಿದ: "ಹಾಡು ಇನ್ನೂ ನಡುನೀರಾಗೇ ಐತಲ್ಲವ್ವ, ನಿದ್ದೆ ಹೆಂಗೆ ಬರ್ತೈತೆ? ಕೂಡು, ಮುಗಿಸಾನ."

ಎಡಗೈಯಿಂದ ತೊಡೆ ತಟ್ಟುತ್ತ, ಉಳಿದ ಸಾಲುಗಳನ್ನು ತಾಯಿಯ ವೇಗದಲ್ಲಿ ಹಾಡಿದ. ಬಲಗೈ ಮಡಿಲಲ್ಲಿ ಸುಮ್ಮನಿತ್ತು. ನಾನು ದನಿಗೂಡಿಸಿದೆ.

ಅಂದು ಬೆಳಗಾಗುವವರೆಗೆ ನನಗೆ ಎಚ್ಚರವಾಗಲಿಲ್ಲ. ಅಜ್ಜನಿಗೆ ನಿದ್ದೆ ಬಂತೇ ಎಂದು ನಾನು ಕೇಳಿಲ್ಲ.