ಎಡಗಾಲಿನ ಕೆಲಸ

ಬಾದಾಮಿಯ ಗುಹೆಗಳ ಮೆಟ್ಟಿಲಿನ ಮೇಲೆ ನಾನು ಬಿದ್ದದ್ದು ಬೀಗರಿಗೆ ಊರು ತೋರಿಸಲು ಹೋದಾಗ. ಇಳಿಯುವ ಹೊತ್ತಿಗೆ ಮಂಗವೊಂದು ಬೀಗಿತ್ತಿಯ ಕೈಚೀಲಕ್ಕೆ ಹಾರಿತು. ಅವರು ಹೌಹಾರಿ ನನ್ನ ಮೇಲೆ ಬಿದ್ದರು, ನಾನು ಮೆಟ್ಟಿಲ ಮೇಲೆ ಬಿದ್ದೆ. ಚೀಲ ಉಳಿಯಿತು, ನನ್ನ ಎಡಪಾದದ ಕೀಲು, ಹರಡು, ಮುರಿಯಿತು.

ಬೇರೆಯವರಿಗಾದರೆ ಎಡಗಾಲು ನಡೆದಾಡಲಿಕ್ಕೆ ಇದ್ದರೆ ಸಾಕು. ನನಗೆ ಅದು ಅನ್ನ ಕೊಡುವ ಕಾಲು. ಬಾಗಲಕೋಟೆಯ ನವನಗರದಲ್ಲಿ ನಾನು ಹೆಣ್ಣುಮಕ್ಕಳಿಗೆ ಕಾರು ಕಲಿಸುತ್ತೇನೆ. ನಾನು ಕೂಡುವ ಬದಿಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಕಲಿಯುವವರು ಗಾಬರಿಯಾಗಿ ಕೈಕಾಲು ಎಲ್ಲ ಬಿಟ್ಟಾಗ ಗಾಡಿಯನ್ನು ಸಂಭಾಳಿಸುವುದು ನನ್ನ ಕಾಲುಗಳೇ.

ರಾಡು, ಸ್ಕ್ರೂ ಹಾಕಿ, ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ಪಾದವನ್ನು ಮೇಲೆ ಕೆಳಗೆ ಒತ್ತಿ ನೋಡಿದರು.

"ಎಲುಬು ಚಲೋ ಕೂಡೈತ್ರಿ ಮೇಡಮ್. ಆದ್ರ ಕೀಲು ಮದಲಿನಂಗ ಮಣಿಯೂದಿಲ್ಲ. ಇನ್ನ ಮ್ಯಾಲೆ ಕ್ಲಚ್ ಇಲ್ಲದ ಗಾಡಿ ತಗೊಂಬಿಡ್ರಿ."

ಅವರು ಕಾಳಜಿಯಿಂದಲೇ ಹೇಳಿದ್ದರು. ನನಗೆ ಮಾತ್ರ ಸಿಟ್ಟು ಬಂತು. ಮನೆಗೆ ಬಂದು ಮರುದಿನದಿಂದ ಒಂದು ಕೆಲಸ ಹಿಡಿದೆ. ಬೆಳಗಿನ ಚಹಾ ಆದ ಮೇಲೆ ಅಂಗಳದಲ್ಲಿ ನಿಂತ ನಮ್ಮ ಕಾರಿನಲ್ಲಿ ಕೂತು, ಎಂಜಿನ್ ಚಾಲೂ ಮಾಡದೆ, ಸುಮ್ಮನೆ ಕ್ಲಚ್ ತುಳಿಯುವುದು, ಬಿಡುವುದು. ಕಣ್ಣಲ್ಲಿ ನೀರು ಬರುವತನಕ.

ನಮ್ಮ ಮನೆಯವರು ಹೈಸ್ಕೂಲ್ ಮಾಸ್ತರು. ಶಾಲೆಗೆ ಹೊರಟವರು ಕಿಟಕಿಯಲ್ಲಿ ಇಣುಕಿ ಕೇಳಿದರು, "ಗಾಡಿ ಎಲ್ಲೂ ಹೊಂಟಿಲ್ಲ. ನೀ ಏನ್ ಮಾಡಾಕತ್ತಿ?"

"ಗಾಡಿ ಹೊಂಟಿಲ್ರಿ, ಕಾಲು ಹೊಂಟೈತಿ" ಎಂದೆ. ಅವರು ಶಾಲೆಗೆ ಹೋದರು. ಸಂಜೆ ಬರುವಾಗ ನೋವಿನ ಮುಲಾಮು ತಂದುಕೊಟ್ಟರು.

ನನ್ನ ತಮ್ಮನಿಗೆ ಹುನಗುಂದದಲ್ಲಿ ಗ್ಯಾರೇಜು ಇದೆ. ಅವನಿಗೆ ಡ್ರ್ಯಾಗ್ ರೇಸಿನ ಹುಚ್ಚು. ನೇರ ರಸ್ತೆಯಲ್ಲಿ ಎರಡು ಗಾಡಿ ಜೋಡಿ ನಿಲ್ಲುತ್ತವೆ, ಹಸಿರು ದೀಪ ಬಿದ್ದ ಕೂಡಲೇ ಬಿಡಬೇಕು, ಕಾಲು ಮೈಲಿಯ ಗೆರೆಯನ್ನು ಯಾರು ಮೊದಲು ದಾಟುತ್ತಾರೋ ಅವರು ಗೆದ್ದರು. ಇಷ್ಟೇ ಆಟ. ಅದಕ್ಕಾಗಿ ಅವನು ಹಳೆಯ ಸಣ್ಣ ಕಾರೊಂದನ್ನು ಸಜ್ಜು ಮಾಡಿದ್ದ. ನನ್ನನ್ನು ಮಾತಾಡಿಸಲು ಅದರಲ್ಲೇ ಬಂದಿದ್ದ. ಮುಂದಿನ ತಿಂಗಳು ಹುನಗುಂದದ ಆಚೆ, ಕಾರ್ಖಾನೆಗಳಿಗೆಂದು ತೆಗೆದಿಟ್ಟ ಜಾಗದ ಹೊಸ ಕಾಂಕ್ರೀಟ್ ರಸ್ತೆಯಲ್ಲಿ, ಪರವಾನಗಿ ತೆಗೆದುಕೊಂಡು ರೇಸ್ ಇಟ್ಟಿದ್ದಾರೆ ಎಂದ. ಮುಖ ಮಾತ್ರ ಸಪ್ಪಗಿತ್ತು.

"ಓಡೂದರಾಗ ನನ್ನ ಗಾಡಿ ಕಮ್ಮಿ ಇಲ್ಲಕ್ಕ. ನಿಂತಲ್ಲಿಂದ ಎತ್ತೂದರಾಗ ಸೋಲ್ತೇನಿ. ಮುಂದಿನ ಗಾಲಿ ಗರಗರ ತಿರಗತಾವ, ಗಾಡಿ ಅಲ್ಲೇ ನಿಂತಿರತೈತಿ."

"ಕ್ಲಚ್ ಹೆಂಗ ಬಿಡ್ತಿ?"

"ಹೆಂಗಂದ್ರ? ಬಿಟ್ಟಬಿಡ್ತೇನಿ."

ನನಗೆ ನಗು ಬಂತು. ದಿನಾ ನಾನು ಹೆಣ್ಣುಮಕ್ಕಳಿಗೆ ಬೈಯುವುದು ಇದೇ ತಪ್ಪಿಗೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ ತಂದಿತು. "ಈ ಸಲ ನಾ ಓಡಸ್ತೇನಿ."

ಅವನು ನನ್ನ ಕಾಲು ನೋಡಿದ. "ಈ ಕಾಲಿಲೆ?"

"ಇದೇ ಕಾಲಿಲೆ."

ಕೆರೂರಿನ ಕಡೆಗೆ ಅವನ ಗೆಳೆಯನೊಬ್ಬ ಪ್ಲಾಟ್ ಹಾಕಿದ್ದ. ಮನೆಗಳಿನ್ನೂ ಎದ್ದಿರಲಿಲ್ಲ, ಡಾಂಬರು ರಸ್ತೆ ಮಾತ್ರ ಚಾಚಿಕೊಂಡು ಬಿದ್ದಿತ್ತು. ರವಿವಾರ ಅಲ್ಲಿಗೆ ಹೋದೆವು. ಮೊದಲ ಸಲ ನಾನೂ ಅವನ ತಪ್ಪನ್ನೇ ಮಾಡಿದೆ. ಗಾಡಿಯ ಜೋರು ಕಂಡು ಕಾಲು ಹೆದರಿತು, ಕ್ಲಚ್ ಪಟ್ಟನೆ ಮೇಲೆ ಬಂತು. ಗಾಲಿಗಳು ಕಿರುಚಿದವು, ಸ್ಟೇರಿಂಗ್ ಬಲಕ್ಕೆ ಎಳೆಯಿತು, ಸುಟ್ಟ ರಬ್ಬರಿನ ವಾಸನೆ ಒಳಗೆಲ್ಲ ತುಂಬಿತು. ಎರಡನೆಯ ಸಲ ಜಾಸ್ತಿ ನಾಜೂಕು ಮಾಡಿದೆ. ಎಂಜಿನ್ ಕೆಮ್ಮಿ, ಗಾಡಿ ಬಂದ್ ಬಿತ್ತು.

ರಸ್ತೆಯ ಮಗ್ಗಲಿನ ಕಲ್ಲಿನ ಮೇಲೆ ಕೂತು ತಮ್ಮ ತನಗೆ ಗೊತ್ತಿದ್ದದ್ದನ್ನು ಹೇಳಿದ. ಗಾಡಿ ಮುಂದಕ್ಕೆ ಚಿಮ್ಮಿದಾಗ ಭಾರ ಹಿಂದಕ್ಕೆ ಹೋಗುತ್ತದೆ, ಮೂತಿ ಏಳುತ್ತದೆ. ಎಳೆಯುವ ಗಾಲಿಗಳು ಇರುವುದು ಮುಂದೆ. ಭಾರ ಬೇಕಾದ ಹೊತ್ತಿಗೇ ಅವು ಹಗುರಾಗುತ್ತವೆ. ಹೀಗಾಗಿ ಇದ್ದ ಜೋರನ್ನೆಲ್ಲ ಒಮ್ಮೆಲೇ ಗಾಲಿಗೆ ಕೊಟ್ಟರೆ ನೆಲ ಹಿಡಿಯುವುದಿಲ್ಲ.

"ಅಂದ್ರ, ಹಿಡಿಯೂ ಜಾಗಾಕ್ಕ ಕ್ಲಚ್ ತಂದು, ಗಾಲಿ ನೆಲ ಕಚ್ಚೂತನ ಅಲ್ಲೇ ಇಟಗೊಂಡು, ಆಮ್ಯಾಲೆ ಪೂರಾ ಬಿಡಬೇಕು" ಎಂದೆ.

"ಹೂಂ. ಅದೂ ಕಣ್ಣ ಮುಚ್ಚಿ ತೆಗಿಯೂದರಾಗ."

ಕ್ಲಚ್ ಹಿಡಿಯುವ ಜಾಗ, ಗಾಡಿ ಮಿಸುಕತೊಡಗುವ ಆ ಮಟ್ಟ, ನನಗೆ ನಿದ್ದೆಯಲ್ಲೂ ಗೊತ್ತು. ತೊಂದರೆ ಇದ್ದದ್ದು ಅದರ ಮುಂದಿನ ಚೂರಿನಲ್ಲಿ. ಹಿಮ್ಮಡವನ್ನು ನೆಲಕ್ಕೆ ಊರಿ, ಪಾದವನ್ನಷ್ಟೇ ಮೇಲೆತ್ತುವುದು ನನ್ನ ಮೊದಲಿನ ರೂಢಿ. ಈಗ ಕೀಲು ಅಷ್ಟು ಮಣಿಯುತ್ತಿರಲಿಲ್ಲ. ಒಂದು ಮಟ್ಟಕ್ಕೆ ಬಂದು ಸಿಕ್ಕಿಕೊಳ್ಳುತ್ತಿತ್ತು, ಕಾಲು ಜಾರಿ ಕ್ಲಚ್ ತಾನೇ ಮೇಲೆ ಹಾರುತ್ತಿತ್ತು. ಮುಂದಿನ ರವಿವಾರವೂ ಅದೇ ಕಥೆ. ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟು ಕೂತಾಗ ಡಾಕ್ಟರ ಮಾತು ಖರೆಯೇ ಇರಬಹುದು ಅನ್ನಿಸಿತು.

ಬೆಳಗ್ಗೆ ಅಂಗಳದ ಕಾರಿನಲ್ಲಿ ಕೂತು ಬೇರೆ ದಾರಿ ಹುಡುಕಿದೆ. ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿದೆ. ಹಿಮ್ಮಡ ನೆಲಕ್ಕೆ ಊರುವುದನ್ನೇ ಬಿಟ್ಟೆ. ಪಾದವನ್ನು ಹಲಗೆಯಂತೆ ಹಾಗೇ ಇಟ್ಟು, ತೊಡೆಯಿಂದ ಇಡೀ ಕಾಲನ್ನೇ ಮೇಲಕ್ಕೆ ತಂದೆ. ಮೊದಮೊದಲು ತೊಡೆ ನಡುಗಿತು. ಇಷ್ಟು ವರ್ಷ ಕಲಿಸಿದ ನಾನು ನನ್ನ ವಿದ್ಯಾರ್ಥಿನಿಯರಂತೆಯೇ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಕೂತಿದ್ದೆ. ವಾರ ಕಳೆಯುವುದರೊಳಗೆ ತೊಡೆಗೆ ಬುದ್ಧಿ ಬಂತು.

ಮುಂದಿನ ಸಲ ಪ್ಲಾಟಿನ ರಸ್ತೆಯಲ್ಲಿ ಗಾಡಿ ಮೊದಲ ಬಾರಿ ನೆಟ್ಟಗೆ ಎದ್ದಿತು. ಬೆನ್ನು ಸೀಟಿಗೆ ಒತ್ತಿತು. ಗಾಲಿಗಳು ಒಂದು ಸಣ್ಣ ಕೂಗು ಹಾಕಿ ಸುಮ್ಮನಾದವು. ತಮ್ಮ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಅದೇ ಹುಮ್ಮಸ್ಸಿನಲ್ಲಿ ಮತ್ತೊಮ್ಮೆ ಎತ್ತಲು ಹೋದೆ. ಮುಂದಿನ ಗಾಲಿಗಳು ದಡದಡ ಕುಪ್ಪಳಿಸಿದವು, ಕೆಳಗೆಲ್ಲೋ 'ಫಟ್' ಎಂದಿತು. ನನ್ನ ಕಾಲೇ ಮತ್ತೆ ಮುರಿಯಿತೆಂದು ಚಿಟ್ಟನೆ ಚೀರಿದೆ.

ಅವನು ಓಡಿ ಬಂದು ಬಾಗಿಲು ತೆರೆದ. "ಅಕ್ಕ! ಕಾಲು?"

ಪಾದ ಅಲುಗಿಸಿ ನೋಡಿದೆ. "ಕಾಲು ಚಲೋ ಐತಿ. ಗಾಡಿದ ಏನೋ ಮುರದೈತಿ ನೋಡಲೇ."

ಎಂಜಿನ್ನಿನಿಂದ ಗಾಲಿಗೆ ಹೋಗುವ ಎಕ್ಸಲ್ ಮುರಿದಿತ್ತು. ಅವನು ಮುರಿದ ತುಂಡನ್ನು ಹೊರಗೆಳೆದು ರಸ್ತೆಯ ಮೇಲೆ ಇಟ್ಟ. "ಸಾಕ್ ಬಿಡಕ್ಕ. ಮಾವಗ ಏನ್ ಹೇಳ್ಲಿ ನಾ? ನಾಳಿ ನಿನಗ ಏನರ ಆದ್ರ?"

"ಎಕ್ಸಲ್ ಬ್ಯಾರೇದ ಹಾಕು. ಗಾಲಿ ಕುಪ್ಪಳಿಸಿದ ಕೂಡ್ಲೇ ನಾ ಆಕ್ಸಿಲರೇಟರ್ ಬಿಡಬೇಕಾಗಿತ್ತು, ಬಿಡಲಿಲ್ಲ. ಇನ್ನ ಬಿಡ್ತೇನಿ. ನಿಮ್ಮ ಮಾವಗ ನಾ ಹೇಳ್ತೇನಿ."

ಹೇಳಿದೆ ಕೂಡ. ಮನೆಯವರು ಊಟದ ತಾಟಿನಿಂದ ತಲೆ ಎತ್ತಲಿಲ್ಲ. "ಹೆಲ್ಮೆಟ್ ಹಾಕ್ತಾರಿಲ್ಲೋ?" ಎಂದು ಕೇಳಿದರು. "ಹಾಕ್ತಾರ್ರಿ." "ಹಂಗಾದ್ರ ನಾನೂ ಬರ್ತೇನಿ."

ರೇಸಿನ ದಿನ ಥಂಡಿ ಇತ್ತು. ರಸ್ತೆಯ ಎರಡೂ ಬದಿಗೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಇಳಕಲ್ಲಿನಿಂದ, ವಿಜಯಪುರದಿಂದ, ಬೆಳಗಾವಿಯಿಂದ ಗಾಡಿಗಳು ಬಂದಿದ್ದವು. ಬೆಲ್ಟು, ಬ್ರೇಕು ತಪಾಸಣೆ ಮಾಡುವವರು ತಮ್ಮನ ಕಡೆ ನೋಡಿ "ಬರ್ರಿ, ಕೂಡ್ರಿ" ಎಂದರು. ಸೀರೆ ಉಟ್ಟೇ ಕಲಿಸುವ ನಾನು ಅಂದು ಚೂಡಿದಾರ ಹಾಕಿದ್ದೆ. "ಓಡಸೂದು ನಾನರಿ" ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ನನ್ನ ಕುಂಟು ನಡಿಗೆಯನ್ನು ನೋಡಿದರು. ನಾನು ಹೆಲ್ಮೆಟ್ ಹಾಕಿಕೊಂಡು ಕೂತೆ.

ಅಭ್ಯಾಸದ ಓಟದಲ್ಲಿ ಗಾಲಿ ಜಾರಿದವು. ಕಾಂಕ್ರೀಟು ಡಾಂಬರಿನಂತಲ್ಲ, ಮೇಲೆ ಸಣ್ಣ ಧೂಳು ಬೇರೆ. ನೆಲದ ಹಿಡಿತ ಸಿಗಲೆಂದು ತಮ್ಮ ಬಂದು ಮುಂದಿನ ಟಾಯರಿನ ಹವಾ ಸ್ವಲ್ಪ ಇಳಿಸಿದ. ಹ್ಯಾಂಡ್ ಬ್ರೇಕ್ ಎಳೆದು ಮುಂದಿನ ಗಾಲಿಗಳನ್ನು ನಿಂತಲ್ಲೇ ತಿರುಗಿಸಿ ಬಿಸಿ ಮಾಡು ಎಂದ, ಮಾಡಿದೆ. ಹೊಗೆ ಎದ್ದು ಜೋಳದ ಕಡೆ ಹೋಯಿತು.

ಮೊದಲ ಸುತ್ತಿನಲ್ಲಿ ನನ್ನ ಜೋಡಿ ವಿಜಯಪುರದವನೊಬ್ಬ. ಕಂಬದ ಮೇಲೆ ಹಳದಿ ದೀಪಗಳು ಒಂದರ ಕೆಳಗೊಂದು ಹೊತ್ತುತ್ತ ಇಳಿಯುತ್ತವೆ, ಆಮೇಲೆ ಹಸಿರು. ಅದಕ್ಕಿಂತ ಮೊದಲು ಅಲುಗಿದರೆ ಆಟ ಮುಗಿಯಿತು. ಬಲಗಾಲಿನಿಂದ ಎಂಜಿನ್ನಿನ ಸದ್ದನ್ನು ಒಂದೇ ಮಟ್ಟಕ್ಕೆ ಹಿಡಿದೆ. ಎಡಗಾಲನ್ನು ಹಿಡಿಯುವ ಜಾಗಕ್ಕೆ ತಂದೆ. ಗಾಡಿ ಹಗ್ಗಕ್ಕೆ ಕಟ್ಟಿದ ಹೋರಿಯಂತೆ ಮಿಸುಕಿತು. ಹಸಿರು ಬಿತ್ತು. ತೊಡೆ ಎದ್ದಿತು. ಗಾಲಿ ಕಚ್ಚಿದ್ದು ಸೀಟಿನ ಕೆಳಗೆ ತಿಳಿಯಿತು, ಆಗ ಎಡಗಾಲು ಪೂರಾ ಬಿಟ್ಟೆ, ಬಲಗಾಲು ಪೂರಾ ತುಳಿದೆ. ಮಗ್ಗಲಲ್ಲಿ ಅವನ ಗಾಲಿಗಳು ಕಿರುಚುವುದು ಹಿಂದೆ ಹಿಂದೆ ಸರಿಯಿತು. ಎರಡನೆಯ ಗೇರ್, ಮೂರನೆಯದು. ಗೆರೆ ದಾಟಿದಾಗ ನನ್ನ ಮುಂದೆ ಯಾರೂ ಇರಲಿಲ್ಲ.

ಎರಡನೆಯ ಸುತ್ತಿನಲ್ಲಿ ಇಳಕಲ್ಲಿನ ಗಾಡಿ. ಎತ್ತುವಾಗ ನಾನೇ ಮುಂದಿದ್ದೆ, ಪೂರಾ ಒಂದು ಗಾಡಿಯಷ್ಟು. ನಡುದಾರಿಯವರೆಗೂ ಅವನ ಮೂತಿ ನನ್ನ ಕನ್ನಡಿಯಲ್ಲೇ ಇತ್ತು. ಆಮೇಲೆ ನಿಧಾನಕ್ಕೆ ಬಂತು, ಕಿಟಕಿಗೆ ಬಂತು, ಗೆರೆಗೆ ಸ್ವಲ್ಪ ಮೊದಲು ದಾಟಿಹೋಯಿತು. ಅವನ ಎಂಜಿನ್ನಿಗೆ ದಮ್ಮು ಹೆಚ್ಚು. ಅದಕ್ಕೆ ನನ್ನ ಕಾಲು ಏನೂ ಮಾಡುವಂತಿರಲಿಲ್ಲ.

ಹೆಲ್ಮೆಟ್ ತೆಗೆದಾಗ ಸೋತದ್ದಕ್ಕೆ ಸಂಕಟವಾಯಿತು, ಇಲ್ಲವೆನ್ನಲಾರೆ. ಗೆದ್ದವನು ಬಂದು ಕೈಮುಗಿದ. "ಅಕ್ಕಾರ, ಅರ್ಧ ದಾರಿತನ ನೀವು ನನ್ನ ಜೀವಾ ತೆಗದ್ರಿ ನೋಡ್ರಿ."

ತಮ್ಮ ಬಾನೆಟ್ ತೆರೆದು ಎಂಜಿನ್ ನೋಡುತ್ತ ನಿಂತಿದ್ದ. "ಇನ್ನ ಇದರ ಕೆಲಸ ನಂದು" ಎಂದ. "ನಿಂದು ಮುಗದೈತಿ."

"ಮುಗದಿಲ್ಲ" ಎಂದೆ. "ಮುಂದಿನ ಸಲಾನೂ ನಾನ ಕೂಡಾಕಿ."

ಮಧ್ಯಾಹ್ನ ಹುನಗುಂದದಲ್ಲಿ ರೊಟ್ಟಿ ಊಟ ಮಾಡಿ, ತಮ್ಮನ ಗಾಡಿ ಅವನ ಗ್ಯಾರೇಜಿಗೆ ಬಿಟ್ಟು, ನಾವಿಬ್ಬರೂ ನಮ್ಮ ಕಾರಿನಲ್ಲಿ ಬಾಗಲಕೋಟೆಗೆ ಹೊರಟೆವು. ಹರಡು ಬಾತು ಕುಂಬಳಕಾಯಿಯಂತಾಗಿತ್ತು. ಮನೆಯವರು ತಾವು ಓಡಿಸುತ್ತೇನೆಂದರು, ನಾನು ಕೀಲಿಕೈ ಕೊಡಲಿಲ್ಲ. ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ತೆವಳುತ್ತಿತ್ತು. ಅದರ ಹಿಂದೆ ನಿಲ್ಲುತ್ತ, ಸ್ವಲ್ಪ ಸರಿಯುತ್ತ, ಮತ್ತೆ ನಿಲ್ಲುತ್ತ ಹೋದೆ.

"ನೋಯ್ತೈತೇನು?" ಎಂದು ಕೇಳಿದರು.

"ಭಾಳ" ಎಂದೆ. ರಸ್ತೆ ತೆರವಾದಾಗ ಗೇರ್ ಬದಲಿಸಿ ಟ್ರ್ಯಾಕ್ಟರನ್ನು ದಾಟಿದೆ.