ಎಡಗಡೆ ಬಾಗಿಲಿನ ಬೀಗ

ಕಾರಿನೊಳಗೆ ದೆವ್ವ ಹೊಕ್ಕಿದೆ ಎಂದು ಯಾರಾದರೂ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ನನ್ನನ್ನು ನೋಡಿ ನಕ್ಕರೆ ಅದು ನನಗೆ ಸಲ್ಲಬೇಕಾದದ್ದೇ. ನಾವುಂದದ ಹೆದ್ದಾರಿ ಬದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ವಾಹನಗಳ ವಯರಿಂಗ್ ಕೆಲಸ ಮಾಡುತ್ತಿದ್ದೇನೆ. ಒಮ್ಮೆ ಶಂಕರನಾರಾಯಣದ ಕಡೆಯವರೊಬ್ಬರು ತನ್ನಷ್ಟಕ್ಕೇ ಹಾರ್ನ್ ಹೊಡೆಯುವ ಕಾರನ್ನು ತಂದಿದ್ದರು. ಲಿಂಬೆಹಣ್ಣು ಕಟ್ಟಿಸಿದ್ದರು, ಕುಂಬಳಕಾಯಿ ಒಡೆಸಿದ್ದರು, ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದರು. ಇಲಿ ಕಡಿದಿದ್ದ ಒಂದು ವಯರನ್ನು ಎಳೆದು ತೋರಿಸಿ, ‘ನಿಮ್ಮ ದೆವ್ವಕ್ಕೆ ಬಾಲ ಇತ್ತು, ಆ ಲಿಂಬೆಹಣ್ಣಿನ ಪಾನಕ ಮಾಡಿ ಕುಡಿಯಿರಿ’ ಎಂದು ಕಳಿಸಿದ್ದೆ. ಕರೆಂಟ್ ಎಲ್ಲಿಂದಲೋ ಬಂದಿರುತ್ತದೆ, ಎಲ್ಲಿಗೋ ಹೋಗಿರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ. ಐದು ವರ್ಷದ ಹಿಂದಿನವರೆಗೆ ನನ್ನ ಧರ್ಮ ಅದೊಂದೇ ಆಗಿತ್ತು.

ನನ್ನ ತಮ್ಮ ಚಂದ್ರ ನನಗಿಂತ ಒಂಬತ್ತು ವರ್ಷಕ್ಕೆ ಸಣ್ಣವನು. ನಮ್ಮದು ಮೀನು ಹಿಡಿಯುವ ಮನೆ. ಅಪ್ಪ ತೀರಿಹೋದ ಮೇಲೆ ನಾನು ಸಮುದ್ರ ಬಿಟ್ಟು ವಯರು ಹಿಡಿದೆ, ಅವನು ಅಪ್ಪನ ಬಲೆ ಹಿಡಿದ. ಮದುವೆಯಾದ ವರ್ಷ ಬ್ರಹ್ಮಾವರದ ಕಡೆಯವರಿಂದ ಒಂದು ಹಳೇ ಕಾರು ತಂದ. ನನ್ನನ್ನು ಕೇಳದೆ ಕೊಂಡ, ಕೊಂಡ ಮೇಲೆ ತೋರಿಸಿದ. ಹಿಂದಿನವರು ಅದರಲ್ಲಿ ಮೀನಿನ ಪೆಟ್ಟಿಗೆ ಹೇರುತ್ತಿದ್ದರೆಂದು ಬಾಗಿಲು ತೆಗೆದ ಕೂಡಲೇ ಮೂಗಿಗೆ ಗೊತ್ತಾಯಿತು. ಪೆಟ್ಟಿಗೆಯ ಉಪ್ಪುನೀರು ಬಾಗಿಲುಗಳ ಒಳಗಿಳಿದು ಕ್ಲಿಪ್ಪು, ಸರಳು ಎಲ್ಲ ತುಕ್ಕು ತಿಂದಿತ್ತು. ಅವರು ಕೊಟ್ಟದ್ದು ಒಂದೇ ಚಾವಿ.

ಚಾಲಕನ ಬದಿಯ ಬಾಗಿಲಿಗೆ ಚಾವಿ ಹಾಕಿದರೆ ಅದು ಸುಮ್ಮನೆ ಗಿರ್ರನೆ ತಿರುಗುತ್ತಿತ್ತು, ಬೀಗ ತೆರೆಯುತ್ತಿರಲಿಲ್ಲ. ಎಡಗಡೆಯ ಬಾಗಿಲಿನದು ಮಾತ್ರ ತೆರೆಯುತ್ತಿತ್ತು. ಹಾಗಾಗಿ ಚಂದ್ರ ಎಲ್ಲಿಗೆ ಹೊರಟರೂ ಕಾರಿಗೆ ಅರ್ಧ ಪ್ರದಕ್ಷಿಣೆ ಬಂದು, ಎಡಬಾಗಿಲು ತೆಗೆದು, ಸೀಟಿನ ಮೇಲೆ ಅಡ್ಡ ಬಿದ್ದು ಆಚೆ ಬಾಗಿಲಿನ ಒಳಬದಿಯ ಬೀಗದ ಗುಬ್ಬಿ ಮೇಲೆತ್ತಿ, ಮತ್ತೆ ಸುತ್ತಿ ಬಂದು ಕೂರುತ್ತಿದ್ದ. ಊರಿಡೀ ನಗುತ್ತಿತ್ತು. ‘ಅಣ್ಣ, ನಿಂಗ್ ಪುರ್ಸೊತ್ತ್ ಆದಾಗ ಆ ಬಾಗ್ಲ್ ಒಂಚೂರ್ ಕಾಣ್ ಮಾರಾಯ’ ಎಂದು ಅವನು ಹೇಳುವುದು, ‘ಕಾಂಬ, ನಾಳೆ ಕಾಂಬ’ ಎಂದು ನಾನು ಹೇಳುವುದು. ಹದಿನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಕ್ಲಿಪ್ಪು ಹಾಕುವ ಕೆಲಸ, ಹತ್ತು ನಿಮಿಷ ಸಾಕಿತ್ತು. ಊರವರ ಕಾರು ಎಷ್ಟು ಬಿಚ್ಚಿದೆನೋ, ತಮ್ಮನದಕ್ಕೆ ಕೈ ಹಾಕಲಿಲ್ಲ.

ಸಾಲದ್ದಕ್ಕೆ ಅವನು ಬೀಗಗಳಿಗೆಲ್ಲ ತೆಂಗಿನೆಣ್ಣೆ ಬಿಟ್ಟಿದ್ದ. ನಮ್ಮ ಕಡೆ ಯಾವುದು ಬಿಗಿಯಾದರೂ ಮದ್ದು ಅದೊಂದೇ. ಹೊಲಿಗೆ ಯಂತ್ರಕ್ಕೂ ಅದೇ, ಮಕ್ಕಳ ಕಿವಿಗೂ ಅದೇ. ಬೀಗಕ್ಕೆ ಬಿಟ್ಟ ತೆಂಗಿನೆಣ್ಣೆ ಒಂದು ವಾರ ಸುಖ ಕೊಡುತ್ತದೆ, ಆಮೇಲೆ ಧೂಳು ಕೂಡಿಸಿಕೊಂಡು ಅಂಟಾಗಿ ಒಳಗಿನ ಹಿತ್ತಾಳೆ ಹಲ್ಲುಗಳನ್ನು ಹಿಡಿದುಬಿಡುತ್ತದೆ. ಪೆನ್ಸಿಲ್ ಸೀಸದ ಪುಡಿ ಹಾಕು ಎಂದು ಎಷ್ಟು ಬೈದರೂ ಕೇಳಲಿಲ್ಲ. ಕೊನೆಗೆ ಆ ಚಾವಿ ಅವನೊಬ್ಬನ ಕೈಗೇ ಒಗ್ಗಿತು. ಪೂರಾ ಒಳಗೆ ತಳ್ಳಿ, ಎಳ್ಳಿನಷ್ಟು ಹಿಂದಕ್ಕೆ ಎಳೆದು, ಒಂದು ಉಸಿರಿನಷ್ಟು ಹೊತ್ತು ಬಿಟ್ಟು ತಿರುಗಿಸಬೇಕು. ಬಾಗಿಲಿಗೂ ಹಾಗೆ, ಎಂಜಿನ್ ಶುರು ಮಾಡಲೂ ಹಾಗೆ. ನಾನು ಮಾಡಿದರೆ ಹತ್ತಕ್ಕೆ ಒಂದು ಸಲ ತಿರುಗುತ್ತಿತ್ತು. ‘ಬೀಗದ ಕೆಲ್ಸ ಕಲ್ತವ್ರಿಗೇ ಬತ್ತಿಲ್ಲ ಕಾಣ್’ ಎಂದು ಅವನು ನಗುತ್ತಿದ್ದ.

ಐದು ವರ್ಷದ ಹಿಂದಿನ ಮಳೆಗಾಲದಲ್ಲಿ ಅವನ ದೋಣಿ ಅಳಿವೆ ಬಾಯಲ್ಲಿ ಮಗುಚಿತು. ಐದು ಜನರಲ್ಲಿ ನಾಲ್ವರು ಈಜಿ ದಡ ಸೇರಿದರು. ಚಂದ್ರ ಸೇರಲಿಲ್ಲ. ಮರವಂತೆಯಿಂದ ಶಿರೂರಿನವರೆಗೆ ನಾವು ದಿನವೂ ಕರಾವಳಿ ನಡೆದೆವು. ಮೂರನೇ ವಾರಕ್ಕೆ ಜೊತೆಗಿದ್ದವರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಮುದ್ರಕ್ಕೆ ಹೋಗುವವರು ಕಳೆಯಬಾರದ ಚಾವಿಯನ್ನು ಸೊಂಟದ ನೂಲಿಗೆ ಕಟ್ಟಿಕೊಳ್ಳುವುದು ನಮ್ಮಲ್ಲಿ ರೂಢಿ. ಕಾರಿನ ಚಾವಿ ಅವತ್ತೂ ಅವನ ಸೊಂಟದಲ್ಲೇ ಇತ್ತು.

ಅಮ್ಮ ಉತ್ತರಕ್ರಿಯೆಗೆ ಒಪ್ಪಲಿಲ್ಲ. ‘ಹೆಣ ಕಾಣ್ದೆ ಬೊಜ್ಜ ಮಾಡುಕ್ ನಾ ಬಿಡುದಿಲ್ಲ. ಅಂವ ಬತ್ತ’ ಎಂದು ಒಂದೇ ಮಾತು. ಚಂದ್ರನ ಹೆಂಡತಿ ಲಲಿತ ಬತ್ತ ಎಂದೂ ಹೇಳಲಿಲ್ಲ, ಬಪ್ಪುದಿಲ್ಲ ಎಂದೂ ಹೇಳಲಿಲ್ಲ. ಕಾರು ಅಂಗಳದಲ್ಲಿ, ಅವನು ನಿಲ್ಲಿಸಿದ ಜಾಗದಲ್ಲೇ, ಮೂರು ತಿಂಗಳು ಬೀಗ ಹಾಕಿಕೊಂಡು ನಿಂತಿತ್ತು. ಒಂದು ದಿನ ಲಲಿತ ನನ್ನ ಅಂಗಡಿಗೇ ಬಂದಳು. ‘ಭಾವ, ಒಂದಾ ಅದನ್ನ್ ಓಡ್ಸಿ, ಇಲ್ದಿರೆ ಅಲ್ಲಿಂದ ತೆಗ್ಸಿ. ಬೆಳಿಗ್ಗೆ ಬಾಗ್ಲ್ ತೆಗ್ದ್ ಕೂಡ್ಲೆ ಅದೇ ಕಾಣತ್ತ್. ನಂಗ್ ಆತಿಲ್ಲ’ ಎಂದಳು. ಅಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಚಾವಿ ಇಲ್ಲದ ಮೇಲೆ ಬೀಗಗಳನ್ನೇ ಬದಲಿಸಬೇಕು. ಎಂಜಿನ್ನಿನದು, ಎರಡು ಬಾಗಿಲಿನದು, ಎಲ್ಲಕ್ಕೂ ಒಂದೇ ಚಾವಿಯ ಹೊಸ ಸೆಟ್ಟು ಕುಂದಾಪುರದಿಂದ ತಂದೆ. ಗಾಜಿನ ಸಂದಿಯಲ್ಲಿ ತಂತಿ ಇಳಿಸಿ ಬಾಗಿಲು ತೆಗೆದು, ಅಂಗಳದಲ್ಲಿ ಕೂತು ಬಿಚ್ಚಲು ಶುರು ಮಾಡಿದಾಗ ಅಮ್ಮ ಜಗಲಿಯಿಂದ ಇಳಿದು ಬಂದಳು.

‘ಬೀಗ ಬದಲ್ ಮಾಡ್ರೆ ಅಂವ ಬಂದ್ರೆ ಹ್ಯಾಂಗ್ ತೆಗಿತ? ಚಾವಿ ಅವ್ನ್ ಹತ್ರ ಇತ್ತಲ?’

‘ಅಂವ ಬಂದ್ರೆ ಹೊಸ ಚಾವಿ ನಾನೇ ಕೈಯಲ್ಲ್ ಕೊಡ್ತೆ. ನೀ ಒಳ್ಗ್ ಹೋಗ್’ ಎಂದು ಗದರಿದೆ. ಗದರದಿದ್ದರೆ ಅತ್ತುಬಿಡುತ್ತಿದ್ದೆ. ಹಳೇ ಬೀಗ ಕೈಗೆ ಬಂದಾಗ ಅದರೊಳಗಿಂದ ಕನರಿದ ತೆಂಗಿನೆಣ್ಣೆಯ ವಾಸನೆ ಬಂತು, ಆಗ ಅತ್ತೇಬಿಟ್ಟೆ. ಚಾಲಕನ ಬಾಗಿಲಿಗೆ ಕ್ಲಿಪ್ಪನ್ನೂ ಅವತ್ತೇ ಹಾಕಿದೆ. ಹತ್ತು ನಿಮಿಷ ಹಿಡಿಯಲಿಲ್ಲ, ಏಳು ಹಿಡಿಯಿತು.

ಒಂದು ವಾರದ ಮೇಲೆ ಎಡಬಾಗಿಲಿನ ಹೊಸ ಬೀಗದ ಸುತ್ತ ಗೀರುಗಳು ಕಂಡವು. ಚಾವಿ ಕಂಡಿಗೆ ಸರಿಯಾಗಿ ಹೋಗದೆ ಜಾರಿದರೆ ಆಗುವಂಥವು. ನಾನೇ ಮಾಡಿರಬಹುದು ಎಂದುಕೊಂಡೆ. ಆದರೆ ಚಾಲಕನ ಬಾಗಿಲು ಸರಿಯಾದ ಮೇಲೆ ಎಡಗಡೆಗೆ ಚಾವಿ ಹಾಕುವ ಅಗತ್ಯವೇ ನನಗಿರಲಿಲ್ಲ. ಹೊಸ ಚಾವಿ ಎರಡೂ ನನ್ನ ಅಂಗಡಿಯ ಮೊಳೆಯಲ್ಲಿ ತೂಗುತ್ತಿದ್ದವು, ಲಲಿತಳಿಗೆ ಕಾರು ಬಿಡಲು ಬರುವುದಿಲ್ಲ. ನಯವಾದ ಮರಳುಕಾಗದದಿಂದ ಉಜ್ಜಿ ಗೀರು ತೆಗೆದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಇದ್ದವು. ಯಾರೋ ಕೀಟಲೆ ಮಾಡುತ್ತಿದ್ದಾರೆ ಎಂದು ನೆರೆಕರೆಯವರನ್ನೆಲ್ಲ ಬೈದು ಬಂದೆ. ಚಾಲಕನ ಬಾಗಿಲಿನಲ್ಲಿ ಒಂದು ಗೀರೂ ಇರಲಿಲ್ಲ.

ಇದರ ಮಧ್ಯೆ ಇನ್ನೊಂದು ಕಿರಿಕಿರಿ. ನಾಲ್ಕು ಬಾಗಿಲಿಗೂ ಒಟ್ಟಿಗೆ ಬೀಗ ಬೀಳುವ ವ್ಯವಸ್ಥೆಯನ್ನು ಹಿಂದಿನವರು ಹೊರಗೆಲ್ಲೋ ಹಾಕಿಸಿದ್ದರು, ಅದು ಬೇಕೆಂದಾಗ ಬೀಳದೆ ಬೇಡವೆಂದಾಗ ಬೀಳುತ್ತಿತ್ತು. ಒಂದು ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಅದನ್ನು ಪತ್ತೆ ಮಾಡೋಣವೆಂದು ಕೂತೆ. ಹುಣ್ಣಿಮೆ ಅಮಾವಾಸ್ಯೆ ಯಾವುದೂ ಅಲ್ಲ, ಮಳೆಯೂ ಇಲ್ಲ, ಮಟಮಟ ಬಿಸಿಲು. ಅಮ್ಮ ಒಳಗೆ ಮಲಗಿದ್ದಳು, ಲಲಿತ ತವರಿಗೆ ಬಾರ್ಕೂರಿಗೆ ಹೋಗಿದ್ದಳು. ಮೊದಲು ಬಾನೆಟ್ ತೆಗೆದು ಬ್ಯಾಟರಿಯ ವಯರು ಬಿಚ್ಚಿ ಪಕ್ಕಕ್ಕಿಟ್ಟೆ. ಆಮೇಲೆ ಎಡ ಸೀಟಿನಲ್ಲಿ ಕೂತು, ನಾಲ್ಕೂ ಬಾಗಿಲು ಹಾಕಿ, ಗುಬ್ಬಿಗಳನ್ನು ಕೈಯಲ್ಲೇ ಒತ್ತಿ ಬೀಗ ಬೀಳಿಸಿದೆ. ಬೀಗ ಬಿದ್ದ ಸ್ಥಿತಿಯಲ್ಲಿ ಯಾವ ವಯರು ಎಳೆತಕ್ಕೆ ಸಿಕ್ಕುತ್ತದೆ ಎಂದು ನೋಡಬೇಕಿತ್ತು. ಎಡಬಾಗಿಲಿನ ಪಕ್ಕ ಕಾಲ ಬುಡದಲ್ಲಿ ವಯರುಗಳ ಕಟ್ಟು ಇರುತ್ತದೆ, ಬಗ್ಗಿ ಅದರೊಳಗೆ ಕೈ ಹಾಕಿದ್ದೆ. ನನ್ನ ಬಲಗಿವಿ ಡ್ಯಾಶ್‌ಬೋರ್ಡಿನ ಕಡೆಗೆ, ಎಡಗಿವಿ ಬಾಗಿಲಿಗೆ ತಾಗುವಷ್ಟು ಹತ್ತಿರ.

ಆಗ ಹೊರಗಿನಿಂದ ಬೀಗದ ಕಂಡಿಗೆ ಚಾವಿ ಹೋದ ಸದ್ದು ಕೇಳಿತು.

ಆ ಸದ್ದಿನಲ್ಲಿ ನನಗೆ ಮೋಸ ಆಗುವುದಿಲ್ಲ. ಸಾವಿರಾರು ಸಲ ಕೇಳಿದ್ದೇನೆ. ಹಲ್ಲುಗಳು ಒಂದೊಂದಾಗಿ ಟಿಕ್ ಟಿಕ್ ಎಂದು ಏರುತ್ತವೆ. ಅಮ್ಮ ಏನೋ ಮಾಡುತ್ತಿದ್ದಾಳೆ ಎಂದು ತಲೆಯೆತ್ತಿ ಗಾಜಿನಲ್ಲಿ ನೋಡಿದೆ. ಯಾರೂ ಇರಲಿಲ್ಲ. ಕಲ್ಲು ಹಾಸಿದ ಅಂಗಳ, ಒಣಹಾಕಿದ ಬಲೆ, ಬಿಸಿಲು. ಗಾಜಿಗೆ ಮುಖ ಒತ್ತಿ ಕೆಳಗೂ ನೋಡಿದೆ, ಬಗ್ಗಿ ಕೂತವರೂ ಇರಲಿಲ್ಲ. ನಾನು ಹಾಗೆ ನೋಡುತ್ತಿರುವಾಗಲೇ ಚಾವಿ ಪೂರಾ ಒಳಗೆ ಹೋಯಿತು. ಆಮೇಲೆ ಎಳ್ಳಿನಷ್ಟು ಹಿಂದಕ್ಕೆ ಬಂತು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಯಿತು. ಆಮೇಲೆ ತಿರುಗಲು ನೋಡಿತು.

ಬಾಗಿಲಿನ ಗುಬ್ಬಿ ನನ್ನ ಕಣ್ಣೆದುರೇ ಅದುರಿತು. ಮೇಲೆ ಬರಲಿಲ್ಲ. ಹೇಗೆ ಬಂದೀತು, ಅದು ಬೇರೆ ಚಾವಿಯ ಬೀಗ.

ಚಾವಿ ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಮತ್ತೆ ಅದೇ ಕ್ರಮ, ಅದೇ ತಡೆ. ಅವಸರ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮೂರನೇ ಸಲ ಸ್ವಲ್ಪ ಜೋರಾಗಿ ತಿರುಗಿಸಿದ ಹಾಗಾಯಿತು, ಗುಬ್ಬಿ ಮತ್ತೆ ಅದುರಿತು. ಬಳಿಕ ಹೊರಗಿನ ಹಿಡಿಕೆಯನ್ನು ಒಮ್ಮೆ ಎತ್ತಿಬಿಟ್ಟ ಟಕ್ ಎಂಬ ಸದ್ದು. ಮತ್ತೆ ಏನೂ ಇಲ್ಲ. ಅಮ್ಮ ಎದ್ದು ಹಿತ್ತಲಲ್ಲಿ ಕೊಡಪಾನ ಇಟ್ಟ ಸದ್ದು ಕೇಳಿದ ಮೇಲೆ ಆಚೆ ಬದಿಯ ಬಾಗಿಲಿನಿಂದ ಇಳಿದೆ. ಎಡಬಾಗಿಲಿನ ಬೀಗದ ಸುತ್ತ ಮೂರು ಹೊಸ ಗೀರುಗಳಿದ್ದವು. ಬೆರಳಿಟ್ಟರೆ ಲೋಹದ ಪುಡಿ ಅಂಟಿತು.

ಆವತ್ತಿನಿಂದ ನನ್ನದೇ ವಿದ್ಯೆಯಿಂದ ಅದನ್ನು ಬಿಡಿಸಲು ನೋಡಿದ್ದೇನೆ. ಬಾಗಿಲಿನೊಳಗಿನ ಮೋಟಾರಿಗೆ ಎಲ್ಲಿಂದಲೋ ಕರೆಂಟ್ ತಾಗಿದರೆ ಗುಬ್ಬಿ ಅದುರುತ್ತದೆ, ನಿಜ. ಆದರೆ ಬ್ಯಾಟರಿ ಬಿಚ್ಚಿತ್ತು, ಇಳಿದ ಮೇಲೆ ಹೋಗಿ ನೋಡಿದೆ, ಬಿಚ್ಚಿಯೇ ಇತ್ತು. ಬಿಸಿಲಿಗೆ ತಗಡು ಹಿಗ್ಗಿದರೆ ಸದ್ದು ಬರುತ್ತದೆ, ಅದೂ ನಿಜ. ತಗಡು ಎಳ್ಳಿನಷ್ಟು ಹಿಂದೆ ಸರಿದು ಉಸಿರು ಕಾಯುತ್ತದೆಯೇ? ದುಃಖದಲ್ಲಿದ್ದವನ ತಲೆ ತನಗೆ ಬೇಕಾದ ಸದ್ದು ಕಟ್ಟಿಕೊಳ್ಳುತ್ತದೆ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಬೆರಳಿಗೆ ಅಂಟಿದ ಲೋಹದ ಪುಡಿಯನ್ನು ತಲೆ ಕಟ್ಟಿಕೊಳ್ಳುವುದಿಲ್ಲ.

ಅವತ್ತೇ ಸಂಜೆ ಹಳೇ ಬೀಗವನ್ನು ಎಡಬಾಗಿಲಿಗೆ ವಾಪಸು ಕೂರಿಸಿದೆ. ಅದರೊಳಗಿನ ಜಿಡ್ಡನ್ನೂ ತೊಳೆಯಲಿಲ್ಲ. ದಿನವೂ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ, ಬಾಗಿಲು ತೆರೆದಿದೆಯೋ, ಹೊಸ ಗೀರು ಬಿದ್ದಿದೆಯೋ ಎಂದು. ಹದಿನೈದು ದಿನ ನೋಡಿದೆ, ತಿಂಗಳು ನೋಡಿದೆ. ಬಾಗಿಲು ತೆರೆದಿರಲಿಲ್ಲ, ಒಂದು ಗೀರೂ ಬೀಳಲಿಲ್ಲ. ಈ ಐದು ವರ್ಷದಲ್ಲಿ ಬಿದ್ದಿಲ್ಲ. ಮರುವರ್ಷ ಅಮ್ಮನೇ ಒಂದು ದಿನ, ಯಾರೂ ಕೇಳದೆ, ‘ಇನ್ನ್ ಮಾಡಿ ಮುಗ್ಸಿ’ ಎಂದಳು. ದರ್ಭೆಯಲ್ಲಿ ಆಕಾರ ಮಾಡಿ ಬೊಜ್ಜ ಮುಗಿಸಿದೆವು. ಅಮ್ಮನಿಗೆ ನಾನು ಆ ಮಧ್ಯಾಹ್ನದ್ದು ಹೇಳಲಿಲ್ಲ, ಅವಳು ತೀರಿಹೋಗುವವರೆಗೂ ಹೇಳಲಿಲ್ಲ.

ಹೋದ ವರ್ಷ ಲಲಿತಳಿಗೆ ಹೇಳಿದೆ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಭಾವನಿಗೆ ತಲೆ ಕೆಟ್ಟಿದೆ ಎಂದು ನಕ್ಕುಬಿಟ್ಟರೆ ಒಳ್ಳೆಯದಿತ್ತು ಎಂದು ಒಳಗೊಳಗೆ ಆಸೆಯಿತ್ತು. ಅವಳು ನಗಲಿಲ್ಲ. ಮೀನು ಕೊಯ್ಯುತ್ತಿದ್ದ ಕೈ ನಿಲ್ಲಿಸಿ ಪೂರ್ತಿ ಕೇಳಿದಳು.

‘ನೀವ್ ಒಳ್ಗೇ ಇದ್ರಿ ಅಲ್ದಾ ಭಾವ?’

‘ಹೌದ್.’

‘ಆ ಗುಬ್ಬಿ ನಿಮ್ಗೆ ಎಟಕ್ತಿತ್ತಾ?’

‘ಎಟಕ್ತಿತ್ತ್. ಹೆದ್ರಿಕೆ ಆಯ್ತ್ ಲಲಿತ’ ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಲ್ಲಿ ಅಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು, ‘ಅವ್ರಲ್ದಾ? ಅವ್ರಿಗ್ ಎಂತಕ್ ಹೆದ್ರುದ್?’